14 ಸೆಂಟಿಮೀಟರ್ ಮೌನ

ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ರೆಕಾರ್ಡ್ ಮಾಡುವಾಗ ಮೂರು ಸೆಕೆಂಡು ಸುಮ್ಮನಾದರೆ ಸುಮಾರು 14 ಸೆಂಟಿಮೀಟರ್ ಟೇಪು ಮಾತಿಲ್ಲದೆ ಸುತ್ತಿಕೊಳ್ಳುತ್ತದೆ. ಜಾದೂ ಕಲೆಯಲ್ಲಿ ಮನಸ್ಸು ಓದುವ ವಿಭಾಗಕ್ಕೆ ಮೆಂಟಲಿಸಂ ಎನ್ನುತ್ತಾರೆ. ಮುಂದಾಗುವುದನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಕೇಳಿಸುವುದು ಅದರದೊಂದು ಸಣ್ಣ ಕವಲು. ಆ ಕವಲು ಹಿಡಿದು ಹೊರಟ ನಾನು ಬಂದು ನಿಂತದ್ದು ಈ 14 ಸೆಂಟಿಮೀಟರ್ ಮುಂದೆ. ಹಾಗಾಗಿ ಈ ಲೇಖನದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ನೋಡುವವರಿಗೆ ಕಾಣುವ ಆಟ ಹೀಗಿರುತ್ತದೆ. ಪ್ರದರ್ಶನಕ್ಕೆ ಎಂಟು ದಿನ ಮೊದಲೇ ಜಾದೂಗಾರ ಊರಿಗೆ ಬಂದು ಒಂದು ಕ್ಯಾಸೆಟ್ಟನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಶಾಲೆಯ ಹೆಡ್‌ಮಾಸ್ತರರ ಕೈಗೆ ಕೊಡುತ್ತಾನೆ. ಕೊಡುವ ಮುಂಚೆ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಎಲ್ಲರೆದುರು ಮುರಿಯುತ್ತಾನೆ. ಅವು ಮುರಿದ ಮೇಲೆ ಅದರಲ್ಲಿ ಮತ್ತೆ ರೆಕಾರ್ಡ್ ಆಗುವುದಿಲ್ಲ. ಪ್ರದರ್ಶನದ ದಿನ ಸಭೆಯಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದು ಒಂದು ಧಾನ್ಯ ಹೇಳುತ್ತಾಳೆ, ಒಂದು ಲೆಕ್ಕ ಮಾಡುತ್ತಾಳೆ, ಒಂದು ಊರು ಆರಿಸುತ್ತಾಳೆ. ಮಾಸ್ತರರು ಲಕೋಟೆ ಹರಿದು ಕ್ಯಾಸೆಟ್ಟು ಕೊಡುತ್ತಾರೆ. ಭೋಂಗಾದಿಂದ, ಅಂದರೆ ತುತ್ತೂರಿ ಸ್ಪೀಕರಿನಿಂದ, ಎಂಟು ದಿನ ಹಳೆಯ ಧ್ವನಿ ಹೊರಡುತ್ತದೆ: “ಅಕ್ಕಾರ, ನೀವು ತೊಗರಿ ಅಂತೀರಿ. ನಿಮ್ಮ ಕೈಯಾಗ ನಾಕು ಸೇರು ಉಳೀತದ. ಅದನ್ನ ಕಟ್ಟಿಕೊಂಡು ನೀವು ತಾಂಡೂರಿಗೆ ಹೋಗ್ತೀರಿ.”

ಈ ಆಟವನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗೆಂದೇ ಕಟ್ಟಬೇಕೆಂಬುದು ನನ್ನ ಹಟ. ಈ ಮೂರೂ ಒಂದು ಕಾಲಕ್ಕೆ ನಮ್ಮವೇ. 1956ಕ್ಕೆ ಮೊದಲಿನ ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ್, ಗುಲ್ಬರ್ಗ ಕನ್ನಡ ನಾಡಿನ ಕಡೆ ಬಂದವು, ಈ ಮೂರು ಊರು ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ತೆಲಂಗಾಣ. ಗಡಿ ಸರಿದರೂ ಕಿವಿ ಸರಿಯಲಿಲ್ಲ. ಕನ್ನಡ ಮಾತಾಡುವ ಮನೆಯಿಂದ ಹೊರಬಿದ್ದರೆ ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ, ನಾರಾಯಣಖೇಡದ ಕಡೆ ಹೋದರೆ ಮರಾಠಿ. ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಆಡಿದವರು ಯಾವ ಕಡೆಯವರೆಂದು ಇಲ್ಲಿಯ ಮಂದಿಗೆ ಗೊತ್ತಾಗುತ್ತದೆ. ಧ್ವನಿಯ ಆಟಕ್ಕೆ ಇದಕ್ಕಿಂತ ಕಠಿಣ ಪರೀಕ್ಷಕರು ಸಿಗುವುದಿಲ್ಲ.

ಧ್ವನಿಯನ್ನು ಕೂಡಿಡುವುದು ಈ ಸೀಮೆಗೆ ಹೊಸದೂ ಅಲ್ಲ. ಜಹೀರಾಬಾದಿನ ಹತ್ತಿರ ಮಾಚನೂರಿನಲ್ಲಿ ಸಂಘಂ ರೇಡಿಯೋ ಇದೆ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು, ಆಮೇಲೆ ಬದುಕನ್ನೆಲ್ಲ ಈ ಕೆಂಪು ಮಣ್ಣಿನ ಹಳ್ಳಿಗಳಿಗೆ ಕೊಟ್ಟ ಪಿ.ವಿ. ಸತೀಶ್ ಮತ್ತು ಸಂಗಡಿಗರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದ್ದು ಅದು. ನಡೆಸುವವರು ದಲಿತ ಹೆಣ್ಣುಮಕ್ಕಳು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರ ಹೆಸರು ಸಮುದಾಯ ರೇಡಿಯೋ ಬಲ್ಲವರಿಗೆಲ್ಲ ಗೊತ್ತು. ಪ್ರಸಾರ ಶುರುವಾದದ್ದು 2008ರ ಅಕ್ಟೋಬರ್ 15ರಂದು. ಸ್ಟುಡಿಯೋ ಮಾತ್ರ ಅದಕ್ಕೂ ಸುಮಾರು ಹತ್ತು ವರ್ಷ ಹಳೆಯದು. ಲೈಸೆನ್ಸ್ ಸಿಗದ ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಬೀಜದ ಮಾತು, ಮಳೆಯ ಮಾತು, ಹಬ್ಬದ ಹಾಡುಗಳನ್ನು ರೆಕಾರ್ಡ್ ಮಾಡಿ, ಕ್ಯಾಸೆಟ್ಟುಗಳನ್ನು ಊರೂರ ಸಂಘದ ಸಭೆಗೆ ಒಯ್ದು ಕೇಳಿಸಿದರು. ಎಂದೋ ಆಡಿದ ಮಾತು ಇಂದು ಕೂತವರ ನಡುವೆ ಚರ್ಚೆ ಹುಟ್ಟಿಸುವುದನ್ನು ಆ ಹೆಣ್ಣುಮಕ್ಕಳು ಕಣ್ಣಾರೆ ಕಂಡವರು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಜಾದೂಗೂ ಅವರಿಗೂ ಸಂಬಂಧವಿಲ್ಲ. ಆದರೆ ಮುದ್ರಿತ ಧ್ವನಿಯನ್ನು ಊರಿನ ಮಂದಿ ಎಷ್ಟು ಕಿವಿಗೊಟ್ಟು ಕೇಳುತ್ತಾರೆಂಬುದಕ್ಕೆ ಮಾಚನೂರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಈ ಕಲೆಯ ಚರಿತ್ರೆಯನ್ನು ಪುಸ್ತಕದಲ್ಲಿ ಹುಡುಕುವವರು ಮೊದಲು ತಲುಪುವುದು ಟೋನಿ ಕೊರಿಂಡಾನನ್ನು. ಲಂಡನ್ನಿನಲ್ಲಿ ಜಾದೂ ಸಾಮಾನಿನ ಅಂಗಡಿ ಇಟ್ಟಿದ್ದ ಈತ 1950ರ ದಶಕದ ಕೊನೆಗೆ ಮೆಂಟಲಿಸಂ ಬಗ್ಗೆ 13 ಕಿರುಹೊತ್ತಿಗೆಗಳನ್ನು ಒಂದೊಂದಾಗಿ ತಂದ. ಅವು ಒಟ್ಟಾಗಿ ಇಂದಿಗೂ ಈ ಕಲೆಯ ಪಠ್ಯಪುಸ್ತಕ. ನಾಲ್ಕನೆಯ ಹೊತ್ತಿಗೆ ಪೂರ್ತಿ ಭವಿಷ್ಯವಾಣಿಯ ಬಗ್ಗೆ. ನಮ್ಮ ಕಾಲದಲ್ಲಿ ಡೆರನ್ ಬ್ರೌನ್ 2009ರ ಸೆಪ್ಟೆಂಬರ್ 9ರಂದು ಬ್ರಿಟನ್ನಿನ ಟಿವಿಯಲ್ಲಿ ಲಾಟರಿಯ ಆರೂ ಅಂಕಿಗಳನ್ನು ಮೊದಲೇ ಬರೆದಿಟ್ಟೆನೆಂದು ತೋರಿಸಿ ದೇಶವನ್ನೇ ಮಾತಿಗೆ ಹಚ್ಚಿದ. ಆದರೆ ಇವರಿಬ್ಬರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವರು ಒಂದು ಗಂಡಹೆಂಡಿರ ಜೋಡಿ, ಸಿಡ್ನಿ ಮತ್ತು ಲೆಸ್ಲಿ ಪಿಡಿಂಗ್‌ಟನ್.

ಸಿಡ್ನಿ ಪಿಡಿಂಗ್‌ಟನ್ ಆಸ್ಟ್ರೇಲಿಯಾದ ಸೈನಿಕ. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ಕೈಗೆ ಬಿದ್ದಾಗ ಸೆರೆಸಿಕ್ಕಿ ಚಾಂಗಿ ಶಿಬಿರ ಸೇರಿದ. ಹಸಿವು, ಜಡ್ಡು, ಬೇಸರಗಳ ನಡುವೆ ಸೆರೆಯಾಳುಗಳ ಮನರಂಜನೆಗೆಂದು ಆತ ಮತ್ತು ಆತನ ಗೆಳೆಯ ರಸೆಲ್ ಬ್ರಾಡನ್ ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಕಳಿಸುವ ಆಟವೊಂದನ್ನು ಹೆಣೆದರು. ರಂಗಪರಿಕರವಿಲ್ಲ, ವೇಷವಿಲ್ಲ, ಇಬ್ಬರು ಮನುಷ್ಯರು ಮತ್ತು ಮಾತು. ಯುದ್ಧ ಮುಗಿದು ಊರಿಗೆ ಮರಳಿದ ಸಿಡ್ನಿ ರೇಡಿಯೋ ನಟಿ ಲೆಸ್ಲಿಯನ್ನು ಮದುವೆಯಾದ. 1949ರಲ್ಲಿ ಬಿಬಿಸಿ ರೇಡಿಯೋ ಅವರಿಬ್ಬರನ್ನೂ ಕರೆಸಿತು. ಸ್ಟುಡಿಯೋದಲ್ಲಿ ಕೂತವರು ಒಂದು ಪುಸ್ತಕದಿಂದ ಒಂದು ಸಾಲು ಆರಿಸುತ್ತಾರೆ. ಲೆಸ್ಲಿ ಇರುವುದು ಅಲ್ಲಿಂದ ದೂರ, ಲಂಡನ್ ಟವರಿನಲ್ಲಿ, ಕಾವಲುಗಾರರ ನಡುವೆ. ಅಲ್ಲಿಂದ ಆಕೆ ತಡೆದು ತಡೆದು ಆ ಸಾಲನ್ನೇ ಹೇಳುತ್ತಾಳೆ. ಇನ್ನೊಂದು ವಾರ ಆಕೆ ನೀರಿನಡಿಯಲ್ಲಿ, ಮತ್ತೊಂದು ವಾರ ಹಾರುವ ವಿಮಾನದಲ್ಲಿ. ಕೇಳುಗರಿಗೆ ಕಣ್ಣಿಗೆ ಕಾಣುವುದು ಏನೂ ಇಲ್ಲ. ಆಕೆಯ ಎರಡು ಮಾತುಗಳ ನಡುವಿನ ತಡವರಿಕೆಯೇ ಅವರನ್ನು ರೇಡಿಯೋ ಬಿಟ್ಟು ಏಳದಂತೆ ಹಿಡಿದದ್ದು. ಕೊನೆಯಲ್ಲಿ ಅವರು ಪವಾಡವೆಂದೂ ಹೇಳುತ್ತಿರಲಿಲ್ಲ, ತಂತ್ರವೆಂದೂ ಹೇಳುತ್ತಿರಲಿಲ್ಲ. ತೀರ್ಪು ನಿಮ್ಮದು ಎಂದು ಕೇಳುಗರಿಗೇ ಬಿಡುತ್ತಿದ್ದರು. ಗುಟ್ಟನ್ನು ಇಬ್ಬರೂ ಕಡೆಯವರೆಗೆ ಬಿಟ್ಟುಕೊಡಲಿಲ್ಲ.

ನಮ್ಮಲ್ಲಿ ಜಾದೂ ಇನ್ನೊಂದು ದಾರಿಯನ್ನೂ ಹಿಡಿಯಿತು. ಹೈದರಾಬಾದಿನ ಬಿ.ವಿ. ಪಟ್ಟಾಭಿರಾಮ್ ಜಾದೂವನ್ನು ಮನಶ್ಶಾಸ್ತ್ರದ ಜತೆ ಬೆಸೆದು ತೆಲುಗು ಮಂದಿಗೆ ಹೇಳಿದರು. ಮಂಗಳೂರಿನ ಕುದ್ರೋಳಿ ಗಣೇಶ್ ತುಳುನಾಡಿನ ಜಾನಪದವನ್ನು ಜಾದೂ ವೇದಿಕೆಗೆ ತಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಕೋಲಾಹಲವೆಬ್ಬಿಸಿದರು. ಕೇರಳ ಮೂಲದ ಬಿ. ಪ್ರೇಮಾನಂದ್ ದೇಶದ ಹಳ್ಳಿಹಳ್ಳಿ ತಿರುಗಿ ಪವಾಡಗಳನ್ನು ಮಾಡಿ ತೋರಿಸಿ, ಮಾಡುವ ಬಗೆಯನ್ನೂ ಅಲ್ಲೇ ಬಿಡಿಸಿ ಹೇಳಿದರು. ಕರ್ನಾಟಕದಲ್ಲಿ ಹುಲಿಕಲ್ ನಟರಾಜ್ ಅದನ್ನೇ ಮಾಡುತ್ತಾ ಬಂದಿದ್ದಾರೆ. ನನಗೆ ಈ ದಾರಿ ಹೆಚ್ಚು ಹಿಡಿಸುತ್ತದೆ. ಪಿಡಿಂಗ್‌ಟನ್ನರ ಮಾತಿನ ಚಂದ, ಪ್ರೇಮಾನಂದರ ಪ್ರಾಮಾಣಿಕತೆ ಎರಡೂ ಕೂಡಿದ ಆಟ ಗಡಿ ಸೀಮೆಗೆ ಬೇಕು.

ಈಗ ಆಟದ ಒಳಕ್ಕೆ. ಮೂರು ಉತ್ತರ ಮೊದಲೇ ಗೊತ್ತಿರಬೇಕು. ಮೂರಕ್ಕೂ ಒಂದೇ ಉಪಾಯ ಹೂಡಿದರೆ ಚುರುಕು ನೋಡುಗ ಹಿಡಿದುಬಿಡುತ್ತಾನೆ. ಹಾಗಾಗಿ ಮೂರಕ್ಕೆ ಮೂರು ಬೇರೆ ದಾರಿ.

ಧಾನ್ಯ ಸುಲಭ. ಜೋಳವೋ ತೊಗರಿಯೋ ಎಂದಷ್ಟೇ ಕೇಳುವುದು. ಈ ಕಡೆ ಇನ್ನೇನನ್ನೂ ಸೇರಿಸುವ ಅಗತ್ಯವಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ಜೋಳದ ಮಾತು, ಇನ್ನೊಂದು ಮಗ್ಗುಲಲ್ಲಿ ತೊಗರಿಯ ಮಾತು. ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸುವಂತಿಲ್ಲ. ಪ್ಲೇಯರಿಗೆ ಹಾಕುವ ಕೈ ಜಾದೂಗಾರನದೇ ಆಗಿರಬೇಕು. ಹಲ್ಲು ಮುರಿದದ್ದು ಇಲ್ಲಿ ಸಹಾಯಕ್ಕೆ ಬರುತ್ತದೆ: ಅದು ನಿಜವಾದ ಪುರಾವೆ, ಆ ಟೇಪಿನ ಮೇಲೆ ಆಮೇಲೆ ಯಾರೂ ಏನೂ ರೆಕಾರ್ಡ್ ಮಾಡಿಲ್ಲ. ಬಲ್ಲವರು ಆ ತೂತಿನ ಮೇಲೆ ಸೆಲ್ಲೋಟೇಪು ಅಂಟಿಸಿದರೆ ಮತ್ತೆ ರೆಕಾರ್ಡ್ ಮಾಡಬಹುದೆಂದು ಪಿಸುಗುಟ್ಟುತ್ತಾರೆ, ಹೋಗಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಸಂಶಯವೆಲ್ಲ ತೂತಿನ ಸುತ್ತ ತಿರುಗುವಾಗ ಎರಡನೆಯ ಮಗ್ಗುಲು ಯಾರ ನೆನಪಿಗೂ ಬರುವುದಿಲ್ಲ.

ಲೆಕ್ಕ ನಮ್ಮ ಹಿರಿಯರು ಬಿಟ್ಟುಹೋದದ್ದು. ಮನಸ್ಸಿನಲ್ಲಿ ಇಷ್ಟು ಸೇರು ಅಂದುಕೊಳ್ಳಿ. ಅಷ್ಟನ್ನೇ ನೆರೆಮನೆಯಿಂದ ಕಡ ತನ್ನಿ. ನಾನು ಎಂಟು ಸೇರು ಕೊಟ್ಟೆ. ಒಟ್ಟಿನಲ್ಲಿ ಅರ್ಧ ದಾನ ಮಾಡಿ. ಕಡ ತಂದದ್ದನ್ನು ತಿರುಗಿ ಕೊಡಿ. ಎಷ್ಟೇ ಅಂದುಕೊಂಡಿದ್ದರೂ ಉಳಿಯುವುದು ನಾಲ್ಕು, ಅಂದರೆ ನಾನು ಕೊಟ್ಟ ಎಂಟರ ಅರ್ಧ. ಕಟ್ಟೆಯ ಮೇಲೆ ಅಜ್ಜಂದಿರು ಮೊಮ್ಮಕ್ಕಳಿಗೆ ಹಾಕುತ್ತಿದ್ದ ಲೆಕ್ಕವೇ ಇದು. ಸಭೆಯಲ್ಲಿ ಒಂದಿಬ್ಬರಿಗೆ ಗೊತ್ತಿದ್ದರೂ ಅಡ್ಡಿಯಿಲ್ಲ. ಒಂದು ಗುಟ್ಟು ತಿಳಿಯಿತೆಂದು ಅವರು ಸಮಾಧಾನದಿಂದ ಕೂತಾಗ ಮೂರನೆಯದು ಅವರನ್ನು ಇನ್ನೂ ಜೋರಾಗಿ ತಟ್ಟುತ್ತದೆ.

ಮೂರನೆಯದು ಊರು. ಇದು ಪೂರ್ತಿ ಆಕೆಯ ಆಯ್ಕೆ, ಯಾವ ಒತ್ತಾಯವೂ ಇಲ್ಲ. 14 ಸೆಂಟಿಮೀಟರ್ ಬರುವುದು ಇಲ್ಲಿ. ಟೇಪು “ಅದನ್ನ ಕಟ್ಟಿಕೊಂಡು ನೀವು” ಎನ್ನುತ್ತದೆ, ಮೂರು ಸೆಕೆಂಡು ನಿಲ್ಲುತ್ತದೆ, “ಹೋಗ್ತೀರಿ” ಎಂದು ಮುಗಿಸುತ್ತದೆ. ನಡುವಿನ ಊರಿನ ಹೆಸರು ಟೇಪಿನಲ್ಲಿ ಇಲ್ಲವೇ ಇಲ್ಲ. ತೆರೆಯ ಹಿಂದೆ ಕೂತವಳೊಬ್ಬಳು ಆ ಕ್ಷಣಕ್ಕೆ ಮೈಕಿನಲ್ಲಿ ಹೇಳುತ್ತಾಳೆ, ಅದೇ ಆಂಪ್ಲಿಫೈಯರ್, ಅದೇ ಭೋಂಗಾ. ಆದ್ದರಿಂದ ಟೇಪಿನ ಧ್ವನಿ ಜಾದೂಗಾರನದು ಆಗಿರಕೂಡದು, ಮೊದಲಿಂದ ಕೊನೆವರೆಗೆ ಅವಳದೇ ಆಗಿರಬೇಕು.

ಹೇಳಿದಷ್ಟು ಸುಲಭವಲ್ಲ. ತಾಂಡೂರಿಗೆ ನಾಲ್ಕು ಅಕ್ಷರ, ಜಹೀರಾಬಾದಿಗೆ ಆರು, ನಾರಾಯಣಖೇಡಕ್ಕೆ ಏಳು. ಏಳು ಅಕ್ಷರ ಹಿಡಿಯುವಷ್ಟು ಜಾಗ ಬಿಟ್ಟರೆ ನಾಲ್ಕು ಅಕ್ಷರದ ಊರು ಬಂದಾಗ ಕೊನೆಗೊಂದು ಪೊಳ್ಳು ಉಳಿಯುತ್ತದೆ. ಅದಕ್ಕೆ ಅವಳು ತಾಂಡೂರನ್ನು ಹೇಳುವ ಮುಂಚೆ ಒಂದು ಉಸಿರು ತೆಗೆದುಕೊಳ್ಳಬೇಕು, ನಾರಾಯಣಖೇಡವನ್ನು ಉಸಿರಿಲ್ಲದೆ ಹಿಡಿಯಬೇಕು. ಬಟನ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿ, ಖಾಲಿ ಟೇಪು ಓಡಿಸಿ ಜಾಗ ಬಿಡುವಂತಿಲ್ಲ. ಖಾಲಿ ಟೇಪಿನ ಸುಸ್ಸೆನ್ನುವ ಸದ್ದೇ ಬೇರೆ, ಮೈಕು ತೆರೆದಿಟ್ಟ ಕೋಣೆಯ ಮೌನವೇ ಬೇರೆ. ಅದೇ ಕೋಣೆಯಲ್ಲಿ, ಅದೇ ಫ್ಯಾನು ತಿರುಗುತ್ತಿರುವಾಗ, ಬಾಯಿ ಮಾತ್ರ ಮುಚ್ಚಿ ಮೂರು ಸೆಕೆಂಡು ಕೂರಬೇಕು. ತುಟಿಗೂ ಮೈಕಿಗೂ ಇರುವ ಅಂತರ ಎರಡೂ ದಿನ ಒಂದೇ ಇರಬೇಕು, ಹತ್ತಿರ ಹೋದರೆ ದನಿ ದಪ್ಪಗಾಗುತ್ತದೆ. ಪ್ಲೇಯರಿನ ಸೆಲ್ಲು ಹೊಸದಿರಬೇಕು. ಸೆಲ್ಲು ಸೋತರೆ ಟೇಪು ನಿಧಾನವಾಗಿ ಅವಳ ಧ್ವನಿ ಇಳಿಯುತ್ತದೆ. ಬದುಕಿರುವ ಕಂಠ ಇಳಿಯುವುದಿಲ್ಲ, ಎರಡೂ ಒಂದರ ಪಕ್ಕ ಒಂದು ಕೇಳಿದಾಗ ಕಳ್ಳತನ ಬಯಲು. ಮೈಕನ್ನು ಆ ಕ್ಷಣಕ್ಕೆ ಚಾಲೂ ಮಾಡಿದರೆ ಟಕ್ ಅನ್ನುತ್ತದೆ, ಮೊದಲಿಂದ ತೆರೆದೇ ಇಡಬೇಕು. ತೆರೆದ ಮೈಕು ಭೋಂಗಾದ ಹತ್ತಿರವಿದ್ದರೆ ಕುಂಯ್ ಎಂದು ಕೂಗುತ್ತದೆ, ಹಾಗಾಗಿ ಅವಳು ತೆರೆಯ ಹಿಂದೆ ಬಾಗಿಲು ಹಾಕಿದ ಕೋಣೆಯಲ್ಲಿರಬೇಕು. ಮೈಕ್‌ಸೆಟ್ ಇಡುವವರ ನೆರವಿಲ್ಲದೆ ಇದು ಆಗದು. ಜಾತ್ರೆಗೆ, ಮದುವೆಗೆ, ಉರುಸಿಗೆ ಭೋಂಗಾ ಕಟ್ಟಿ ಕಟ್ಟಿ ಅವರಿಗೆ ಬಂದಿರುವ ಜ್ಞಾನ ಯಾವ ಜಾದೂ ಪುಸ್ತಕದಲ್ಲೂ ಇಲ್ಲ. ಭೋಂಗಾ ಮಾತಿನ ದಪ್ಪ, ತೆಳು ಅಂಚುಗಳೆರಡನ್ನೂ ಕತ್ತರಿಸಿ ನಡುವಿನದನ್ನಷ್ಟೇ ಹೊರಬಿಡುತ್ತದೆ, ಆದ್ದರಿಂದ ಒಳ್ಳೆಯ ಸ್ಪೀಕರಿಗಿಂತ ಅದೇ ಈ ಆಟಕ್ಕೆ ಒಳ್ಳೆಯದು ಎಂಬುದು ಅಂಥವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನೊಂದು ಆಸರೆ ನಮ್ಮ ಕಿವಿಯದೇ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರನ್ 1970ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ರೆಕಾರ್ಡ್ ಮಾಡಿದ ವಾಕ್ಯದಿಂದ ಒಂದು ಅಕ್ಷರದ ಸದ್ದನ್ನು ಪೂರ್ತಿ ಕತ್ತರಿಸಿ ಆ ಜಾಗದಲ್ಲಿ ಕೆಮ್ಮು ಕೂಡಿಸಿದ. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾತು ಪೂರ್ತಿ ಕೇಳಿಸಿತೆಂದರು, ಕೆಮ್ಮು ಎಲ್ಲಿ ಬಂತೆಂದು ಸರಿಯಾಗಿ ತೋರಿಸಲು ಅವರಿಂದ ಆಗಲಿಲ್ಲ. ಜಾಗದಲ್ಲಿ ಕೆಮ್ಮಿನ ಬದಲು ಮೌನ ಬಿಟ್ಟಾಗ ಮಾತ್ರ ಕೊರತೆ ತಿಳಿಯಿತು. ಹಾಗಾಗಿ ಖಾಲಿ ಜಾಗದ ಎರಡೂ ತುದಿಗೆ ದೂರದ ಬಸ್ಸಿನ ಹಾರನ್ನೊಂದನ್ನು ಟೇಪಿನಲ್ಲೇ ತೆಳ್ಳಗೆ ಕೂಡಿಸಿಟ್ಟರೆ ಹೊಲಿಗೆ ಮುಚ್ಚಿಹೋಗುತ್ತದೆ. ಊರಿಗೆ ಹೊರಟವರ ಮಾತಿನ ಹಿಂದೆ ಬಸ್ಸು ಕೂಗುವುದು ಯಾರಿಗೂ ವಿಚಿತ್ರವೆನಿಸದು.

ಕೇಳುಗರೇ ಅರ್ಥ ತುಂಬುವ ಇನ್ನೊಂದು ಹಳೆಯ ಸಂಪ್ರದಾಯ ನಮಗೆಲ್ಲ ಗೊತ್ತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದೊಡನೆ ಲಕ್ಷಾಂತರ ಮಂದಿ ಒಮ್ಮೆಗೇ ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಸಾಲಿನ ಕಾರ್ಣಿಕ. ಅದನ್ನು ಮಳೆಗೆ ಹಚ್ಚುವವರು ಮಳೆಗೆ, ರಾಜಕೀಯಕ್ಕೆ ಹಚ್ಚುವವರು ರಾಜಕೀಯಕ್ಕೆ. ಅದು ಭಕ್ತಿಯ ಲೋಕ, ಅದನ್ನು ಜಾದೂ ಜತೆ ತೂಗುವ ಮನಸ್ಸು ನನಗಿಲ್ಲ. ಆದರೆ ಮಾತಿಗೆ ಮುಂಚಿನ ನಿಶ್ಶಬ್ದ ಎಷ್ಟು ಭಾರವಾಗಬಲ್ಲದು ಎಂಬುದನ್ನು ವೇದಿಕೆಯವರು ಅಲ್ಲಿ ನಿಂತು ಕಲಿಯಬೇಕು.

ಕಟ್ಟುವಾಗ ಒಂದು ನಿಯಮ ಹಾಕಿಕೊಂಡಿದ್ದೇನೆ. ಜಡ್ಡು, ಸಾವು, ಮದುವೆ, ಮಗು ಯಾವುದನ್ನೂ ಟೇಪು ನುಡಿಯಕೂಡದು. ಅಂಥದೊಂದು ಮಾತು ಮನೆಯೊಳಗೆ ಹೊಕ್ಕರೆ ಆಟ ಮುಗಿದ ಮೇಲೂ ಹೊರಗೆ ಬರುವುದಿಲ್ಲ. ಜೋಳ, ತೊಗರಿ, ಊರಿನ ದಾರಿ ಸಾಕು. ಆಟ ಮುಗಿದೊಡನೆ ಇದು ಕಸುಬು, ದೈವವಲ್ಲ ಎಂದು ಕೇಳಿಸುವಂತೆ ಹೇಳಬೇಕು. ಮಕ್ಕಳಿದ್ದರೆ ತೆರೆ ಸರಿಸಿ, ಬಾಗಿಲು ತೆಗೆದು, ಮೈಕು ಹಿಡಿದು ಕೂತವಳನ್ನೂ ತೋರಿಸಬೇಕು. ಗುಟ್ಟು ಬಿಟ್ಟುಕೊಟ್ಟರೆ ಕಲೆ ಸಾಯುತ್ತದೆಂದು ವೃತ್ತಿಯವರು ಸಿಟ್ಟಾಗಬಹುದು. ಅವರ ಹೊಟ್ಟೆಪಾಡಿನ ಮಾತು ಖರೆ. ಆದರೂ ಈ ಒಂದು ಆಟವನ್ನು ಶಾಲೆಗಳಿಗೆ ಬಿಟ್ಟುಕೊಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಕಾರಣವಿದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಮೂರೇ ಸೆಕೆಂಡಿನ ಮಾದರಿ ಕೇಳಿ ಯಾರದೇ ಧ್ವನಿಯನ್ನು ಅನುಕರಿಸುವ ತಂತ್ರವನ್ನು ಪ್ರಕಟಿಸಿದರು. ತೆರೆಯ ಹಿಂದಿನವಳು ಉಸಿರು ಹಿಡಿದು ತುಂಬುತ್ತಿದ್ದಷ್ಟೇ ಹೊತ್ತು ಅದು. ಈಗ ಅಂಥ ಧ್ವನಿಯಲ್ಲಿ ಮಗ ಅಪಘಾತಕ್ಕೆ ಸಿಕ್ಕಿದ್ದಾನೆಂದು, ದುಡ್ಡು ಕಳಿಸಿರೆಂದು ಕರೆಗಳು ಬರುತ್ತವೆ. ಪೊಲೀಸರ ಸೋಗಿನಲ್ಲಿ ಮನೆಯಲ್ಲೇ ಕೂಡಿಹಾಕುವ ಡಿಜಿಟಲ್ ಅರೆಸ್ಟ್ ವಂಚನೆಯ ಬಗ್ಗೆ ಪ್ರಧಾನಿಯೇ 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಎಚ್ಚರಿಸಬೇಕಾಯಿತು. ಕರ್ನಾಟಕದಲ್ಲಿ ಅಮಾನುಷ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರ ಕಾಯ್ದೆಯಿದೆ. ಆದರೆ ಕಿವಿಯನ್ನು ಯಾವ ಕಾಯ್ದೆ ತರಬೇತು ಮಾಡೀತು? ಟೇಪಿನಲ್ಲಿ ಇಲ್ಲದ ಊರಿನ ಹೆಸರನ್ನು ತಾನೇ ಕೇಳಿದೆನೆಂದು ಆಣೆಯಿಟ್ಟು ಹೇಳಿದ ಹುಡುಗಿ, ಆಮೇಲೆ ತೆರೆಯ ಹಿಂದಿನ ಮೈಕು ಕಂಡರೆ, ಮುಂದೊಂದು ದಿನ ಫೋನಿನ ಧ್ವನಿಗೆ ಒಂದು ಗಳಿಗೆ ತಡೆದು ಉತ್ತರಿಸುತ್ತಾಳೆ ಎಂಬುದು ನನ್ನ ನಂಬಿಕೆ.

ಅಷ್ಟರಲ್ಲಿ ಕ್ಯಾಸೆಟ್ಟೇ ಹೊರಟುಹೋಗಿದೆ. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ, 80ರ ದಶಕದಲ್ಲಿ ನಮ್ಮ ಭಜನೆ, ಕವ್ವಾಲಿ, ನಾಟಕಗಳನ್ನೆಲ್ಲ ಮನೆಮನೆಗೆ ಹೊತ್ತ ಆ ಡಬ್ಬಿ ಅಂಗಡಿಗಳಲ್ಲಿಲ್ಲ. ಮೈಕ್‌ಸೆಟ್ಟಿನವರು ಪೆನ್‌ಡ್ರೈವಿಗೆ ಬದಲಾಗಿದ್ದಾರೆ. ಮೊಬೈಲಿನಲ್ಲೂ ಆಟ ಕಟ್ಟಬಹುದು. ವಾಟ್ಸಾಪ್‌ನ ಧ್ವನಿ ಸಂದೇಶ ಒಮ್ಮೆ ಹೋದ ಮೇಲೆ ತಿದ್ದಲಾಗದು, ಕಳಿಸಿದ ದಿನ ಮತ್ತು ವೇಳೆ ಅದರ ಮೇಲೇ ಇರುತ್ತದೆ. ಮುರಿದ ಹಲ್ಲಿಗಿಂತ ಗಟ್ಟಿ ಪುರಾವೆ. ಮೂರು ಊರಿಗೆ ಮೂರು ಸಂದೇಶ, ಮೂವರ ಫೋನಿಗೆ ಬೇರೆ ಬೇರೆ ಕಳಿಸಿ, ಬೇಕಾದವರ ಫೋನನ್ನಷ್ಟೇ ವೇದಿಕೆಗೆ ಕರೆದರೆ ತೆರೆಯ ಹಿಂದೆ ಯಾರೂ ಬೇಕಾಗುವುದಿಲ್ಲ.

ಆದರೆ ಲಕೋಟೆ ಹೆಡ್‌ಮಾಸ್ತರರ ಮೇಜಿನ ಡ್ರಾಯರಿನಲ್ಲಿ ಕೂತ ಎಂಟು ದಿನ ಆಟದ ಅರ್ಧವಾಗಿತ್ತು. ಹುಡುಗರು ಕಿಟಕಿಯಿಂದ ಇಣುಕುತ್ತಾರೆ, ಒಳಗೇನಿದೆಯೆಂದು ಬಾಜಿ ಕಟ್ಟುತ್ತಾರೆ, ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾರೆ, ಪ್ರದರ್ಶನದ ಹೊತ್ತಿಗೆ ಇಡೀ ಊರು ಒಂದು ಧ್ವನಿಗಾಗಿ ಕಾದು ಬಂದಿರುತ್ತದೆ. ಕೈಗೆ ಬಂದೊಡನೆ ಕೇಳಿಬಿಡಬಹುದಾದ ಫೋನಿನಲ್ಲಿ ಆ ಎಂಟು ದಿನಗಳನ್ನು ಎಲ್ಲಿ ಇಡುವುದೋ ನನಗಿನ್ನೂ ಹೊಳೆದಿಲ್ಲ.